ಮೊಬೈಲಿನಲ್ಲಿ ಮಣೆಯಾಟ, ಇಸ್ಪೀಟು: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಬಂದವಳು ಇಲ್ಲೇ ಉಳಿದುಕೊಂಡೆ. ಭಾನುವಾರ ಮಧ್ಯಾಹ್ನ ಊಟ ಆದಮೇಲೆ ನಮ್ಮನೆ ಜಗಲಿಯಲ್ಲಿ ಫೋನ್ ಇಟ್ಟುಕೊಂಡು ಆಟ ನಡೆಯುತ್ತೆ. ಈ ಸುದ್ದಿ ಹಬ್ಬಿದ ಮೇಲೆ ಸೊಸೈಟಿಯ ಸಾಲಿನಲ್ಲಿ, ಮದುವೆ ಮನೆಯಲ್ಲಿ, ಒಮ್ಮೆ ವೈದಿಕದ ಊಟದ ಪಂಕ್ತಿಯಲ್ಲೂ ಜನ ಇದನ್ನೇ ವಿಚಾರಿಸಿದ್ದಾರೆ. ಹೇಳಿದ್ದನ್ನೇ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ಸಾವಿರ ಆಟ ಕಾಣಿಸುತ್ತೆ. ಯಾವುದರಿಂದ ಶುರು ಮಾಡೋದು?

ಗೊತ್ತಿರುವ ಆಟದಿಂದ. ಹೊಸ ಆಟ, ಹೊಸ ಪರದೆ ಎರಡನ್ನೂ ಒಟ್ಟಿಗೆ ಕಲಿಸಲು ಹೋದರೆ ಹಿರಿಯರು ಐದು ನಿಮಿಷಕ್ಕೆ ಎದ್ದು ಹೋಗುತ್ತಾರೆ. ನಾನು ಅತ್ತೆಗೆ ಮೊದಲ ದಿನವೇ ಕಾರ್ಕಸಾನ್ ಅನ್ನುವ ಬಿಲ್ಲೆ ಜೋಡಿಸುವ ಆಟ ತೋರಿಸಿದೆ. "ಎಂತದೇ ಮಾರಾಯ್ತಿ ಇದು, ಜಮೀನು ಸರ್ವೆ ಮಾಡಿದ ಹಾಗಿದೆ" ಅಂದು ಕನ್ನಡಕ ತೆಗೆದಿಟ್ಟು ಒಳಗೆ ಹೋದರು. ಮಾರನೆಯ ವಾರ ಲೂಡೋ ಕಿಂಗ್ ಹಾಕಿಕೊಟ್ಟೆ. ಸಂಜೆ ದೀಪ ಹಚ್ಚುವ ಹೊತ್ತಿಗೂ ಏಳಲಿಲ್ಲ.

ಲೂಡೋ ಕಿಂಗ್ ನಮ್ಮ ದೇಶದ್ದೇ. ನವಿ ಮುಂಬೈನ ಕಂಪನಿಯೊಂದು 2016ರಲ್ಲಿ ಬಿಟ್ಟದ್ದು, ಲಾಕ್‌ಡೌನ್‌ನಲ್ಲಿ ಮನೆಮನೆಗೆ ಹೊಕ್ಕಿತು. ಲೂಡೋ ಅಂದರೂ ಪಗಡೆ ವಂಶವೇ. ಇಲ್ಲಿನ ಆಟ ಇಂಗ್ಲೆಂಡಿಗೆ ಹೋಗಿ, ಕವಡೆ ಬಿಟ್ಟು ದಾಳ ಹಿಡಿದು, 1896ರಲ್ಲಿ ಆ ಹೆಸರಲ್ಲಿ ಪೇಟೆಂಟ್ ಮಾಡಿಸಿಕೊಂಡು ತವರಿಗೆ ವಾಪಸ್ ಬಂದದ್ದು.

ಚೆಸ್ ಬರುವವರಿಗೆ ಲೀಚೆಸ್ ಅನ್ನುವ ಆ್ಯಪ್. 2010ರಿಂದ ಇದೆ, ಪೂರ್ತಿ ಉಚಿತ, ಜಾಹೀರಾತೇ ಇಲ್ಲ. ಹೊಸದೇ ಬೇಕು ಅನ್ನುವವರಿಗೆ ಈಗ ಕಾರ್ಕಸಾನ್. ಜರ್ಮನಿಯ ಕ್ಲಾಸ್-ಯುರ್ಗನ್ ವ್ರೇಡ ಮಾಡಿದ ಆಟ, 2000ದಲ್ಲಿ ಬಂತು. ಒಟ್ಟು 72 ಚೌಕ ಬಿಲ್ಲೆ. ಒಬ್ಬೊಬ್ಬರೂ ಒಂದೊಂದು ಬಿಲ್ಲೆ ಎತ್ತಿ, ರಸ್ತೆಗೆ ರಸ್ತೆ, ಕೋಟೆಗೆ ಕೋಟೆ, ಹೊಲಕ್ಕೆ ಹೊಲ ಕೂಡುವ ಹಾಗೆ ಜೋಡಿಸುತ್ತಾ ಹೋಗಬೇಕು, ಬೇಕೆಂದರೆ ಆಗಷ್ಟೇ ಇಟ್ಟ ಬಿಲ್ಲೆಯ ಮೇಲೆ ನಮ್ಮ ಆಳು ನಿಲ್ಲಿಸಬಹುದು. ಡಬ್ಬಿಯ ಆಟದಲ್ಲಿ ಕೊನೆಗೆ ಯಾವ ಹೊಲ ಯಾರದ್ದು ಅಂತ ಎಣಿಸುವಾಗ ಗಡಿ ತಕರಾರು ಶುರುವಾಗುತ್ತೆ. ಫೋನ್ ಅದನ್ನು ಒಂದು ಕ್ಷಣದಲ್ಲಿ ಮುಗಿಸುತ್ತೆ. ಅತ್ತೆ ಈಗ ಇದರಲ್ಲಿ ನನ್ನನ್ನು ಸೋಲಿಸುತ್ತಾರೆ. ಸರ್ವೆ ಆಟ ಅನ್ನೋದನ್ನು ಮಾತ್ರ ಬಿಟ್ಟಿಲ್ಲ.

ನಮ್ಮಲ್ಲಿ ನೆಟ್‌ವರ್ಕೇ ಇಲ್ಲ. ಆಡೋಕಾಗುತ್ತಾ?

ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು. ನಮ್ಮನೆಯಲ್ಲೂ ಸಿಗ್ನಲ್ ನೆಟ್ಟಗೆ ಸಿಗುವುದು ಹಿತ್ತಿಲ ಹಲಸಿನ ಮರದ ಬುಡದಲ್ಲಿ ಮಾತ್ರ. ಆಗುತ್ತೆ, ಆದರೆ ಆಟದ ಜಾತಿ ನೋಡಿ ಆರಿಸಿಕೊಳ್ಳಬೇಕು.

ಕೆಲವು ಆಟ ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಕೇಳುವುದಿಲ್ಲ. ಲೂಡೋ ಕಿಂಗ್‌ನಲ್ಲಿ ನೆಟ್ ಇಲ್ಲದೆ ಒಂದೇ ಫೋನಿನಲ್ಲಿ ಆರು ಜನರವರೆಗೆ ಆಡಬಹುದು. ಲೀಚೆಸ್‌ನಲ್ಲೂ ಕಂಪ್ಯೂಟರ್ ಎದುರು ಆಡಲು ನೆಟ್ ಬೇಡ. ಆದರೆ ಆ್ಯಪ್ ಅಂಗಡಿಯ ಪುಟದಲ್ಲಿ ಆಫ್‌ಲೈನ್ ಅಂತ ಬರೆದಿದ್ದನ್ನು ನಂಬಿ ಹೊರಡಬೇಡಿ. ಮನೆಯಲ್ಲೇ ಏರೋಪ್ಲೇನ್ ಮೋಡ್ ಹಾಕಿ, ಆಟ ಪೂರ್ತಿ ಮುಚ್ಚಿ, ಮತ್ತೆ ತೆರೆದು ನೋಡಿ. ತಾಳಗುಪ್ಪದ ರೈಲು ಕುಂಸಿ ದಾಟಿ ಕಾಡಿಗೆ ಹೊಕ್ಕ ಮೇಲೆ "ಲಾಗಿನ್ ಆಗಿ" ಅಂತ ಕೂತರೆ ಆನಂದಪುರ ಬರುವವರೆಗೂ ಕಿಟಕಿ ನೋಡುವುದೇ ಗತಿ. ಕಿಟಕಿಯೂ ಚೆನ್ನಾಗಿಯೇ ಇರುತ್ತೆ ಬಿಡಿ.

ಇನ್ನೊಂದು ಜಾತಿ ನಿಧಾನದ ಆಟ. ನಾನು ಮಲೆನಾಡಿಗೆ ಹೇಳಿ ಮಾಡಿಸಿದ್ದು ಅನ್ನುವುದು ಇದನ್ನೇ. ನೀವು ಒಂದು ನಡೆ ಇಟ್ಟು ಫೋನ್ ಜೇಬಿಗೆ ಹಾಕಿಕೊಳ್ಳುತ್ತೀರಿ, ಎದುರಿನವರು ಅವರಿಗೆ ಪುರಸೊತ್ತಾದಾಗ ಇಡುತ್ತಾರೆ. ಹಿಂದೆ ಅಂಚೆ ಕಾರ್ಡಿನಲ್ಲಿ ಚೆಸ್ ಆಡುತ್ತಿದ್ದರಲ್ಲ, ಹಾಗೆ. ಲೀಚೆಸ್‌ನಲ್ಲಿ ಒಂದು ನಡೆಗೆ 14 ದಿನದವರೆಗೆ ಗಡುವು ಇಟ್ಟುಕೊಳ್ಳಬಹುದು. ಬೋರ್ಡ್ ಗೇಮ್ ಅರೇನಾ ಅನ್ನುವ ತಾಣದಲ್ಲಿ ನೂರಾರು ಮಣೆಯಾಟಗಳನ್ನು ಹೀಗೆ ಆಡಬಹುದು. ಫ್ರಾನ್ಸಿನವರು 2010ರಲ್ಲಿ ಶುರು ಮಾಡಿದ್ದು, 2021ರಲ್ಲಿ ಆಸ್ಮೊಡೀ ಕಂಪನಿ ಕೊಂಡುಕೊಂಡಿತು. ಫೋನಿನ ಬ್ರೌಸರ್‌ನಲ್ಲೇ ನಡೆಯುತ್ತೆ. ಬೆಂಗಳೂರಿನ ನನ್ನ ತಮ್ಮ, ನಾನು ಒಂದು ಆಟವನ್ನು ಆಷಾಢ ಪೂರ್ತಿ ಎಳೆದಿದ್ದೆವು. ಬೆಳಿಗ್ಗೆ ಹೂ ಕೊಯ್ಯಲು ಹೋದಾಗ ಹಲಸಿನ ಮರದ ಹತ್ತಿರ ಫೋನ್ ಟಿಂಗ್ ಅನ್ನುತ್ತೆ, ನಿಂತಲ್ಲೇ ಒಂದು ನಡೆ ಇಟ್ಟು ಬರುತ್ತೇನೆ. ತಮ್ಮ ಕ್ಷೇಮವಾಗಿದ್ದಾನೆ ಅನ್ನುವುದೂ ಅದರಲ್ಲೇ ಗೊತ್ತಾಗುತ್ತೆ.

ಮೂರನೆಯದು ಗಡಿಯಾರ ಇಟ್ಟುಕೊಂಡು ಎದುರುಬದುರು ಆಡುವ ಆಟ. ಮೋಡ ಕವಿದರೆ ಮುಗಿಯಿತು, ಗೆಲ್ಲುವ ಆಟವನ್ನು ಟವರ್ ಸೋಲಿಸುತ್ತೆ. ವೈಫೈ ಇರುವ ಮನೆಗೆ ನೆಂಟಸ್ತಿಕೆಗೆ ಹೋದಾಗ ಆಡಿ.

ಡೇಟಾ ಖರ್ಚಿನ ಬಗ್ಗೆ ಹೆದರುವುದು ಬೇಡ. ಒಂದು ನಡೆ ಅಂದರೆ "ಈ ಕಾಯಿ ಇಲ್ಲಿಂದ ಅಲ್ಲಿಗೆ" ಅನ್ನುವ ಚಿಕ್ಕ ಸಂದೇಶ, ವಾಟ್ಸಾಪ್‌ನ ಒಂದು ಗುಡ್ ಮಾರ್ನಿಂಗ್ ಚಿತ್ರಕ್ಕಿಂತ ಎಷ್ಟೋ ಹಗುರ. ಡೇಟಾ ತಿನ್ನುವುದು ನಡುನಡುವೆ ಬರುವ ವಿಡಿಯೋ ಜಾಹೀರಾತು.

ಒಂದೇ ಫೋನು, ನಾಲ್ಕು ಜನ ಇದ್ದೇವೆ. ಹೇಗೆ?

ನನ್ನ ಪ್ರಕಾರ ಆಡಬೇಕಾದ್ದೇ ಹೀಗೆ. ನಾಲ್ಕು ಜನ ನಾಲ್ಕು ಫೋನ್ ಹಿಡಿದು ಒಂದೇ ಜಗಲಿಯಲ್ಲಿ ತಲೆ ತಗ್ಗಿಸಿ ಕೂತರೆ ಅದು ಬಸ್ ಸ್ಟ್ಯಾಂಡ್. ಫೋನನ್ನು ಮಣೆ ಅಂದುಕೊಂಡು ನಡುವೆ ಇಡಿ. ಬಹಳ ಆಟಗಳಲ್ಲಿ 'ಪಾಸ್ ಅಂಡ್ ಪ್ಲೇ' ಅಂತ ಇರುತ್ತೆ, ನಮ್ಮ ಆಟ ಮುಗಿಸಿ ಪಕ್ಕದವರಿಗೆ ದಾಟಿಸುವುದು.

ನಮ್ಮನೆಯಲ್ಲಿ ಫೋನನ್ನು ಮೊರದ ಮೇಲಿಟ್ಟು ಮೊರವನ್ನೇ ತಿರುಗಿಸುತ್ತೇವೆ. ಕೈ ಜಾರಿ ಬೀಳುವ ಭಯವಿಲ್ಲ, ಚಕ್ಕುಲಿಯೂ ಅದರಲ್ಲೇ ಕೂರುತ್ತೆ. ಶುರು ಮಾಡುವ ಮೊದಲು ಪರದೆ ತಾನಾಗಿ ತಿರುಗುವುದನ್ನು ನಿಲ್ಲಿಸಿ, ಪರದೆ ಆರುವ ಸಮಯವನ್ನು 10 ನಿಮಿಷಕ್ಕೆ ಏರಿಸಿ. ಇಲ್ಲದಿದ್ದರೆ ಮಾವ ಯೋಚನೆ ಮಾಡುವಷ್ಟರಲ್ಲಿ ಫೋನ್ ಮಲಗಿರುತ್ತೆ, ಪಾಸ್‌ವರ್ಡಿಗೆ ನನ್ನನ್ನು ಅಡುಗೆಮನೆಯಿಂದ ಕರೆಯುತ್ತಾರೆ.

ಗುಟ್ಟಿನ ಎಲೆ ಇರುವ ಆಟಕ್ಕೆ ಇದು ಅಷ್ಟು ಹೊಂದುವುದಿಲ್ಲ. "ಫೋನ್ ಮುಂದಿನವರಿಗೆ ಕೊಡಿ" ಅಂತ ಪರದೆ ಮುಚ್ಚಿ ಕಾಯುವ ಆಟಗಳಿವೆ, ಆದರೆ ಪಕ್ಕದಲ್ಲಿ ಕೂತ ಹುಡುಗರ ಕಣ್ಣು ಮುಚ್ಚುವವರು ಯಾರು? ಎಲ್ಲರ ಹತ್ತಿರ ಫೋನ್ ಇದ್ದರೆ ಒಬ್ಬರು ಹಾಟ್‌ಸ್ಪಾಟ್ ಹಾಕಿ ಉಳಿದವರು ಸೇರಿಕೊಳ್ಳಿ. ಆಟದಲ್ಲಿ ಲೋಕಲ್ ನೆಟ್‌ವರ್ಕ್ ಸೌಲಭ್ಯ ಇದ್ದರೆ ಇಂಟರ್ನೆಟ್ ಇಲ್ಲದೆಯೂ ಫೋನುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಶರಾವತಿ ಹಿನ್ನೀರಿನ ಅಂಬಾರಗೋಡ್ಲು ದಡದಲ್ಲಿ ಲಾಂಚ್ ಕಾಯುತ್ತಾ ನಾವು ನಾಲ್ವರು ಸೋದರಸಂಬಂಧಿಗಳು ಹೀಗೆ ಎಷ್ಟು ಆಟ ಆಡಿದ್ದೇವೋ. 2025ರ ಜುಲೈ 14ರಂದು ಸೇತುವೆ ಉದ್ಘಾಟನೆ ಆಯಿತು, ಈಗ ತುಮರಿಗೆ ಕಾರಿನಲ್ಲಿ ಸುಯ್ಯನೆ ದಾಟುತ್ತೇವೆ. ಅರ್ಧಕ್ಕೆ ನಿಂತ ಒಂದು ಆಟ ಇನ್ನೂ ಫೋನಿನಲ್ಲಿದೆ.

ನನಗೆ ಆರು ಬೀಳುವುದೇ ಇಲ್ಲ, ಎದುರಿನವರಿಗೆ ಮಾತ್ರ ಬೀಳುತ್ತೆ. ದಾಳದಲ್ಲಿ ಮೋಸ ಇದೆಯಾ?

ಲೆಕ್ಕ ನೋಡೋಣ. ಒಂದು ಸಲ ಹಾಕಿದರೆ ಆರು ಬೀಳದೇ ಇರುವ ಸಂಭವ 6ರಲ್ಲಿ 5. ಸತತ 10 ಸಲ ಬೀಳದೇ ಇರುವ ಸಂಭವ 100ಕ್ಕೆ ಸುಮಾರು 16. ಕಡಿಮೆ ಅನ್ನಿಸುತ್ತೆ ಅಲ್ಲವೆ? ಆದರೆ ಆಡುವವರು ನಾಲ್ಕು ಜನ. ಮೊದಲ 10 ಸರದಿಯಲ್ಲಿ ನಾಲ್ವರಲ್ಲಿ ಒಬ್ಬರಿಗಾದರೂ ಆರು ಬೀಳದೇ ಹೋಗುವ ಸಂಭವ ಅರ್ಧಕ್ಕಿಂತ ಒಂದು ಕೂದಲು ಜಾಸ್ತಿ. ಅಂದರೆ ಎರಡು ಆಟಕ್ಕೊಮ್ಮೆ ಯಾರಾದರೂ ಒಬ್ಬರು ಮನೆಯಲ್ಲೇ ಕೊಳೆಯುತ್ತಾ "ಇದು ಮೋಸ" ಅಂತ ಕೂಗಲೇಬೇಕು. ಬಿದ್ದವರು ಸುಮ್ಮನೆ ಆಡುತ್ತಾರೆ, ಬೀಳದವರ ದೂರು ಮಾತ್ರ ನಮಗೆ ಕೇಳಿಸುತ್ತೆ.

ಅತ್ತೆಗೆ ಈ ಗಣಿತ ಒಪ್ಪಿಗೆ ಆಗಲಿಲ್ಲ. ಒಂದು ಮಧ್ಯಾಹ್ನ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಒಂದರಿಂದ ಆರರವರೆಗೆ ಬರೆದು, ಬಿದ್ದ ಅಂಕಿಗೆಲ್ಲ ಗೀಟು ಹಾಕುತ್ತಾ ಕೂತೆವು. ಆರು ಸಾಲೂ ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಬಂದವು. ಅತ್ತೆ ಹಾಳೆ ನೋಡಿ, "ಬೀಳ್ತದೆ ಸರಿ, ಬೇಕಾದಾಗ ಬೀಳ್ತದಾ?" ಅಂದರು.

ಆ ಮಾತಿನಲ್ಲಿ ಅರ್ಥ ಇದೆ. ಅವರು ಬೆಳೆದದ್ದು ಕವಡೆ ಆಡಿ. ನಾಲ್ಕು ಕವಡೆ ಹಾಕಿದರೆ ಎಲ್ಲ ಅಂಕಿಗೂ ಸಮಪಾಲು ಇರುವುದಿಲ್ಲ. ಕವಡೆ ಬೆನ್ನು ಮೇಲಾಗಿ, ಹೊಟ್ಟೆ ಮೇಲಾಗಿ ಬೀಳುವುದು ಸಮ ಅಂದುಕೊಂಡರೂ ಎರಡು ಬೀಳುವುದು 16ರಲ್ಲಿ 6 ಸಲ, ಚೌಕ (ನಾಲ್ಕೂ ಹೊಟ್ಟೆ ಮೇಲಾಗಿ, ಅಂದರೆ ನಾಲ್ಕು) ಒಂದು ಸಲ, ಎಂಟು (ನಾಲ್ಕೂ ಬೆನ್ನು ಮೇಲಾಗಿ) ಒಂದು ಸಲ. ನಿಜವಾದ ಕವಡೆ ಅಷ್ಟು ಸಮವೂ ಅಲ್ಲ. ಅದರ ಮೇಲೆ ಕೈಚಳಕ ಬೇರೆ: ಅಂಗೈಯಲ್ಲಿ ಕುಲುಕದೆ ಮೆಲ್ಲಗೆ ಜಾರಿಸಿ ಬೇಕಾದ್ದನ್ನು ಬೀಳಿಸುವ ಅಜ್ಜಿಯರು ಪ್ರತಿ ಊರಲ್ಲೂ ಇದ್ದರು. ಫೋನಿನ ದಾಳಕ್ಕೆ ಕೈಯೇ ಇಲ್ಲ. ಅವರಿಗೆ ಮೋಸ ಅನ್ನಿಸುವುದು ಬಹುಶಃ ಅದು.

ಎಲ್ಲ ಆಟದ ದಾಳವೂ ಗಂಗಾಜಲ ಅಂತ ನಾನು ಪ್ರಮಾಣ ಮಾಡುವುದಿಲ್ಲ. ಸೋತಾಗಲೆಲ್ಲ "ನಾಣ್ಯ ಕೊಂಡುಕೊಳ್ಳಿ" ಅನ್ನುವ ಆಟದ ಮೇಲೆ ಒಂದು ಕಣ್ಣಿರಲಿ.

ಇಸ್ಪೀಟಿನಲ್ಲಿ ಇಪ್ಪತ್ತೆಂಟು ಆಡುತ್ತೇವೆ. ಫೋನಿನಲ್ಲಿ ಒಳ್ಳೆ ಕೈಯೇ ಬರುವುದಿಲ್ಲವಲ್ಲ?

ಬರುವುದಿಲ್ಲ ನಿಜ. ಕಾರಣ ಫೋನ್ ಚೆನ್ನಾಗಿ ಕಲೆಸುತ್ತೆ, ನಾವು ಕಲೆಸುವುದಿಲ್ಲ.

ಮದುವೆ ಮನೆಯ ಕಂಬಳಿ ಮೇಲಿನ ಆಟ ನೆನಪು ಮಾಡಿಕೊಳ್ಳಿ. ಒಂದು ಆಟ ಮುಗಿದಾಗ ಪಟ್ಟುಗಳೆಲ್ಲ ಗುಂಪುಗುಂಪಾಗಿ ಬಿದ್ದಿರುತ್ತವೆ, ಒಂದೇ ಬಣ್ಣದ ನಾಲ್ಕು ಎಲೆ ಒಟ್ಟಿಗೆ. ಯಾರೋ ಒಬ್ಬರು ಎಲೆಅಡಿಕೆ ಹಾಕಿಕೊಳ್ಳುತ್ತಾ ಎರಡು ಸಲ ಕತ್ತರಿಸಿ ಹಂಚುತ್ತಾರೆ. ಆ ಗುಂಪುಗಳು ಪೂರ್ತಿ ಒಡೆದಿರುವುದಿಲ್ಲ. ಹಾಗಾಗಿ ಒಬ್ಬರ ಕೈಗೆ ಒಂದೇ ಬಣ್ಣ ಜಮಾಯಿಸುವುದು, ಗುಲಾಮ-ಒಂಬತ್ತು ಜೋಡಿಯಾಗಿ ಬರುವುದು ನಡೆಯುತ್ತಲೇ ಇರುತ್ತೆ. 52 ಎಲೆಯ ಕಟ್ಟು ಸರಿಯಾಗಿ ಬೆರೆಯಬೇಕಾದರೆ ಎರಡು ಭಾಗ ಮಾಡಿ ಎಲೆಗಳನ್ನು ಒಂದರೊಳಗೊಂದು ಸೇರಿಸುವುದನ್ನು ಸುಮಾರು ಏಳು ಸಲ ಮಾಡಬೇಕು ಅಂತ ಅಮೆರಿಕದ ಇಬ್ಬರು ಗಣಿತಜ್ಞರು, ಬೇಯರ್ ಮತ್ತು ಡಯಾಕೊನಿಸ್, 1992ರಲ್ಲಿ ತೋರಿಸಿಕೊಟ್ಟರು. ನಮ್ಮಲ್ಲಿ ಏಳು ಸಲ ಕಲೆಸುತ್ತಾ ಕೂತರೆ "ಎಲೆ ಹಂಚ್ತೀಯೋ, ಇಲ್ಲ ಹಿಟ್ಟು ಕಲಸ್ತೀಯೋ" ಅಂತಾರೆ.

ಲೆಕ್ಕದ ವಿಷಯದಲ್ಲಿ ಮಾತ್ರ ಫೋನ್ ಬಹಳ ಅನುಕೂಲ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ 1, ನಾಲ್ಕು ಬಣ್ಣ ಸೇರಿ 28: ಇದನ್ನು ಹೊಸಬರು ಬಾಯಿಪಾಠ ಮಾಡುವವರೆಗೂ ಅದೇ ಎಣಿಸಿಕೊಡುತ್ತೆ. ಮುಚ್ಚಿಟ್ಟ ತುರುಪನ್ನು ಯಾರೂ ಇಣುಕುವಂತಿಲ್ಲ. ಜೊತೆಗಾರನಿಗೆ ಕಣ್ಸನ್ನೆ ಮಾಡುವ, ಕೆಮ್ಮಿ ಸುಳಿವು ಕೊಡುವ ಹಳೇ ವಿದ್ಯೆಯೂ ನಡೆಯುವುದಿಲ್ಲ. ಅದಿಲ್ಲದ ಇಪ್ಪತ್ತೆಂಟು ಸಪ್ಪೆ ಅನ್ನುವವರು ನಮ್ಮೂರಲ್ಲೇ ಮೂವರಿದ್ದಾರೆ, ಮೂವರೂ ಫೋನಿನಲ್ಲಿ ಸೋತವರೇ.

ಎಲೆ ಕಲೆಸುವ ಮಾತು ಬಂದದ್ದಕ್ಕೆ: ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿದ ಗಂಜೀಫ (ಹಳೇ ಕಾಲದ ಇಸ್ಪೀಟು) ಆಟಗಳಲ್ಲಿ ಒಂದಕ್ಕೆ 360 ಎಲೆ. ಅದನ್ನು ಕಲೆಸಲು ಎಷ್ಟು ಜನ ಬೇಕಾಗುತ್ತಿದ್ದರೋ.

ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ ಫೋನಿಗೆ ಸಿಗುತ್ತವಾ?

ಸಿಗುತ್ತವೆ. ನಿಮ್ಮಜ್ಜಿ ಕಲಿಸಿದ ನಿಯಮ ಸಿಗುವುದು ಅನುಮಾನ.

ಚೌಕಾಬಾರವನ್ನು ಕನ್ನಡದಲ್ಲಿ ಹುಡುಕಿ, ಸಿಗದಿದ್ದರೆ ತೆಲುಗಿನವರ ಹೆಸರು ಅಷ್ಟಾ ಚಮ್ಮಾ ಅಂತ ಹುಡುಕಿ. ಆಟ ಇಳಿಸಿದ ತಕ್ಷಣ ಮೂರು ಸಂಗತಿ ನೋಡಿಕೊಳ್ಳಿ: ಎದುರಾಳಿಯ ಒಂದು ಕಾಯಾದರೂ ಕಡಿಯದೆ ಒಳಮನೆಗೆ ಹೋಗಲು ಬಿಡುತ್ತಾ, ಗಟ್ಟಿ ಕಟ್ಟಲು (ಎರಡು ಕಾಯಿ ಜೋಡಿಸಲು) ಬಿಡುತ್ತಾ, ಚೌಕ ಅಥವಾ ಎಂಟು ಬಿದ್ದರೆ ಮತ್ತೊಂದು ಆಟ ಕೊಡುತ್ತಾ. ಒಂದೊಂದು ಊರಿನದು ಒಂದೊಂದು ಪದ್ಧತಿ. ಫೋನಿಗೆ ಬರೆಯುವವರು ತಮ್ಮೂರಿನದನ್ನೇ ಶಾಸ್ತ್ರ ಮಾಡಿಬಿಡುತ್ತಾರೆ. ನಿಯಮ ಬದಲಿಸುವ ಅವಕಾಶ ಕೊಟ್ಟ ಆಟ ಸಿಕ್ಕರೆ ಅದನ್ನೇ ಇಟ್ಟುಕೊಳ್ಳಿ.

ಅಳಗುಳಿಮಣೆ ಅಂತ ಮಂಕಾಲ ಇಳಿಸಿಕೊಂಡು ಬೇಸ್ತು ಬಿದ್ದವರು ಬಹಳ. ಅಂಗಡಿಯಲ್ಲಿ ಮಂಕಾಲ ಹೆಸರಲ್ಲಿ ಕಾಣುವ ಬಹುಪಾಲು ಆಟ ಕಲಾ ಅನ್ನುವ ಅಮೆರಿಕದ ರೂಪ: ಒಂದು ಕಡೆಗೆ 6 ಗುಳಿ, ತುದಿಯಲ್ಲಿ ಒಂದೊಂದು ಕಣಜ, ಬೀಜ ಹಾಕುತ್ತಾ ಹೋಗುವಾಗ ನಮ್ಮ ಕಣಜಕ್ಕೂ ಒಂದು. ನಮ್ಮದು ಸಾಲಿಗೆ 7ರಂತೆ 14 ಗುಳಿ, ಗೆದ್ದದ್ದು ಮಡಿಲಿಗೆ. ಖಾಲಿ ಗುಳಿ ಸವರಿ ಅದರಾಚೆಯದನ್ನು ಬಾಚಿಕೊಳ್ಳುವ ಸುಖ ಆ ಕಲಾ ಆಟದಲ್ಲಿಲ್ಲ. ಆ ಆಟವೂ ಕೆಟ್ಟದ್ದಲ್ಲ, ಆದರೆ ಮನೆಯ ಅಟ್ಟದಲ್ಲಿ ಹಲಸಿನ ಮರದ ಮಣೆ ಇದ್ದರೆ ಇಳಿಸಿ, ಹುಣಸೆ ಬೀಜ ಹಾಕಿ. ಈ ಒಂದು ಆಟಕ್ಕೆ ಫೋನ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬೀಜ ಬೀಳುವ ಸದ್ದಿನಲ್ಲೇ ಎದುರಿನವರ ಲೆಕ್ಕ ಗೊತ್ತಾಗುತ್ತಿತ್ತು.

ಹುಲಿ-ಕುರಿಯ ಹತ್ತಿರದ ನಂಟ ನೇಪಾಳದ ಬಾಘ್‌ಚಾಲ್. ನಮ್ಮ ಕಡೆ 3 ಹುಲಿ, 15 ಕುರಿ, ಮಣೆ ಗೋಪುರದಂತೆ. ಅವರದ್ದು 4 ಹುಲಿ, 20 ಆಡು, ಮಣೆ ಚೌಕ. ಫೋನಿಗೆ ಬಹಳ ಚೆನ್ನಾಗಿ ಒಗ್ಗುವ ಆಟ. ನವಕಂಕರಿ, ಅಂದರೆ ಸಾಲುಮನೆ ಆಟ, ನೈನ್ ಮೆನ್ಸ್ ಮಾರಿಸ್ ಅನ್ನುವ ಹೆಸರಲ್ಲಿ ಧಾರಾಳ ಸಿಗುತ್ತೆ. ಹಂಪಿಯ ಕಲ್ಲುಹಾಸಿನ ಮೇಲೆ ಇಂಥ ಮನೆಗಳನ್ನು ಕೊರೆದದ್ದನ್ನು ನೋಡಿರಬಹುದು. ಇಬ್ಬರೂ ಒಂದೂ ತಪ್ಪು ಮಾಡದಿದ್ದರೆ ಈ ಆಟ ಸಮಸಮ ಆಗುತ್ತೆ ಅಂತ 1993ರಲ್ಲಿ ರಾಲ್ಫ್ ಗಾಸರ್ ಕಂಪ್ಯೂಟರ್ ಹಾಕಿ ಸಾಬೀತು ಮಾಡಿದರು. ನಾವು ತಪ್ಪು ಮಾಡುವವರಾದ್ದರಿಂದ ಚಿಂತೆಯಿಲ್ಲ.

ಇಂಗ್ಲಿಷ್ ಓದಲು ಬಾರದವರು ಆಡಬಹುದಾ?

ಬರಹ ಇಲ್ಲದ ಆಟ ಆರಿಸಿ. ಕಾರ್ಕಸಾನ್‌ನ ಬಿಲ್ಲೆಗಳಲ್ಲಿ ಬರೀ ಚಿತ್ರ. ಪ್ಯಾಚ್‌ವರ್ಕ್ ಅನ್ನುವುದು ಇಬ್ಬರು ತುಂಡುಬಟ್ಟೆ ಜೋಡಿಸಿ ಕೌದಿ ಹೊಲಿಯುವ ಆಟ, ದುಡ್ಡಿನ ಬದಲು ಗುಂಡಿ. ನಮ್ಮ ಪಕ್ಕದ ಮನೆಯ ಹೊಲಿಗೆ ಮಾಡುವ ಅಕ್ಕ ಎರಡೇ ದಿನದಲ್ಲಿ ಕಲಿತರು, ಬಟ್ಟೆ ವ್ಯರ್ಥ ಆಗದ ಹಾಗೆ ಕತ್ತರಿಸುವ ಕಣ್ಣು ಅವರಿಗೆ ಮೊದಲೇ ಇತ್ತು. ಟಿಕೆಟ್ ಟು ರೈಡ್‌ನಲ್ಲಿ ಊರ ಹೆಸರು ಇಂಗ್ಲಿಷಿನಲ್ಲಿದ್ದರೂ ಹೋಗಬೇಕಾದ ಊರು ನಕ್ಷೆಯ ಮೇಲೆ ಎದ್ದು ಕಾಣುತ್ತೆ, ಬಣ್ಣಕ್ಕೆ ಬಣ್ಣ ಸೇರಿಸಿ 45 ರೈಲು ಡಬ್ಬಿಗಳನ್ನು ಹಾಸುತ್ತಾ ಹೋಗುವುದು.

ವಿಂಗ್‌ಸ್ಪ್ಯಾನ್ ಇದಕ್ಕೆ ವಿರುದ್ಧ. ಎಲಿಜಬೆತ್ ಹಾರ್ಗ್ರೇವ್ 2019ರಲ್ಲಿ ತಂದ ಹಕ್ಕಿಗಳ ಆಟ, ಮೂಲ ಕಟ್ಟಿನಲ್ಲೇ 170 ಹಕ್ಕಿ, ಬಹುಪಾಲು ಎಲೆಯ ಮೇಲೆ ಓದಿ ತಿಳಿಯಬೇಕಾದ ಸಾಲುಗಳು. ಹೊಸಬರಿಗೆ ಕಷ್ಟ. ಆದರೆ ಫೋನಿನ ಆವೃತ್ತಿಯಲ್ಲಿ ಹಕ್ಕಿ ಇಟ್ಟಾಗ ಅದರ ಕೂಗು ಕೇಳಿಸುತ್ತೆ. ಮಾವನಿಗೆ ಆಟ ಬೇಡ, ಕೂಗು ಬೇಕು. ಮಂಡಗದ್ದೆಗೆ ಬರುವ ಬೆಳ್ಳಕ್ಕಿಗಳ ಗಲಾಟೆ ಇದಕ್ಕಿಂತ ಜೋರು ಅಂತ ಪ್ರತಿಸಲ ಹೇಳುತ್ತಾರೆ.

ಕನ್ನಡದಲ್ಲಿ ಸ್ಕ್ರ್ಯಾಬಲ್ ಯಾಕಿಲ್ಲ ಅಂತಲೂ ಕೇಳುತ್ತಾರೆ. ಒಂದು ಮನೆಗೆ ಒಂದು ಅಕ್ಷರ ಅಂದರೆ ನಮ್ಮಲ್ಲಿ ಕ, ಕಾ, ಕಿ ಎಲ್ಲಕ್ಕೂ ಬೇರೆ ಬಿಲ್ಲೆ ಬೇಕು, ಒತ್ತಕ್ಷರ ಸೇರಿದರೆ ಚೀಲವೇ ಸಾಲದು. ಗುಣಿತವನ್ನೂ ಒತ್ತನ್ನೂ ಬೇರೆ ಬಿಲ್ಲೆ ಮಾಡಿ ಮೇಲೆ ಏರಿಸಬೇಕು. ಮರದ ಮಣೆಯಲ್ಲಿ ಕಷ್ಟದ ಕೆಲಸ, ಫೋನಿಗೆ ಸುಲಭ. ಹುಮ್ಮಸ್ಸಿರುವ ಇಂಜಿನಿಯರಿಂಗ್ ಹುಡುಗರು ಯಾರಾದರೂ ಕೈ ಹಾಕಲಿ.

ದುಡ್ಡು ಕೊಟ್ಟು ಕೊಳ್ಳುವುದು ಸರಿಯಾ? ಉಚಿತದ್ದೇ ಸಾಲದಾ?

ಲೂಡೋ, ಚೆಸ್, ಇಸ್ಪೀಟಿಗೆ ಉಚಿತದ್ದೇ ಸಾಕು. ಯುರೋಪಿನ ಮಣೆಯಾಟ ಡಬ್ಬಿಯಲ್ಲಿ ತರಿಸಿದರೆ ಸಾವಿರಗಳ ಮಾತು, ಫೋನಿಗೆ ಕೆಲವು ನೂರು. ಇಷ್ಟಪಟ್ಟು ಆಡುವುದಾದರೆ ಕೊಡಬಹುದು. ಕೊಂಡ ಮೇಲೆ ಹಿಡಿಸದಿದ್ದರೆ 48 ಗಂಟೆಯೊಳಗೆ ಗೂಗಲ್ ಪ್ಲೇಯಲ್ಲಿ ವಾಪಸ್ ಕೇಳಬಹುದು. ಅದರಲ್ಲೇ ಫ್ಯಾಮಿಲಿ ಲೈಬ್ರರಿ ಮಾಡಿಕೊಂಡರೆ ಒಬ್ಬರು ಕೊಂಡದ್ದನ್ನು ಮನೆಯ ಇನ್ನೂ ಐವರು ಬಳಸಬಹುದು, ಹಂಚಿಕೊಳ್ಳಲು ಆಗುತ್ತಾ ಅಂತ ಆಟದ ಪುಟದಲ್ಲೇ ನೋಡಿಕೊಳ್ಳಿ. ಅವಿಭಕ್ತ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಸೌಲಭ್ಯ ಬೇರೆ ಕಾಣೆ.

ಎಚ್ಚರಿಕೆ ಒಂದೇ. ಫೋನಿನಲ್ಲಿ ಕೊಂಡದ್ದು ಡಬ್ಬಿ ಕೊಂಡ ಹಾಗಲ್ಲ. ಪ್ಯಾಂಡೆಮಿಕ್ ಅನ್ನುವ ಹೆಸರಾಂತ ಆಟದ ಡಿಜಿಟಲ್ ರೂಪವನ್ನು 2022ರಲ್ಲಿ ಅಂಗಡಿಗಳಿಂದ ತೆಗೆದುಬಿಟ್ಟರು. ನನಗೂ ಒಂದು ಪೆಟ್ಟು ಬಿದ್ದಿದೆ. ಖಾತೆ ಜೋಡಿಸದೆ ಎರಡು ವರ್ಷ ಆಡಿದ ಆಟವೊಂದು, ಫೋನ್ ಫಾರ್ಮ್ಯಾಟ್ ಮಾಡಿಸಿದ ದಿನ ಎಲ್ಲ ಮರೆತು ಕೂತಿತು. ಕಂಪನಿಗೆ ಮೂರು ಸಲ ಬರೆದೆ, ಮೂರು ಸಲವೂ "ನಿಮ್ಮ ತಾಳ್ಮೆಗೆ ಧನ್ಯವಾದ" ಅಂತ ಉತ್ತರ ಬಂತು. ಇಳಿಸಿದ ದಿನವೇ ಇಮೇಲ್ ಖಾತೆಗೆ ಜೋಡಿಸಿ.

ಫೋನಿನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡಬಹುದಾ? ಕಾನೂನು ಏನು?

ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟ ನಡೆಸುವಂತಿಲ್ಲ. ರಮ್ಮಿ ಕೌಶಲದ ಆಟ, ಅದೃಷ್ಟದ್ದಲ್ಲ ಅನ್ನುವ ಹಳೆಯ ವಾದಕ್ಕೆ ಈ ಕಾಯ್ದೆಯಲ್ಲಿ ಜಾಗ ಇಲ್ಲ, ಎರಡೂ ಒಂದೇ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಅದರಲ್ಲಿ ಶಿಕ್ಷೆ ಇಟ್ಟಿಲ್ಲ. ನಮ್ಮ ರಾಜ್ಯ 2021ರಲ್ಲೇ ಇಂಥ ತಿದ್ದುಪಡಿ ತಂದಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತ್ತು.

ದುಡ್ಡಿಲ್ಲದೆ ಸುಮ್ಮನೆ ಆಡುವ ರಮ್ಮಿಗೆ, ಲೂಡೋಗೆ ಅಡ್ಡಿಯಿಲ್ಲ. ಆದರೆ ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ "ಈ ಫೈಲ್ ಇಳಿಸಿ, 500 ರೂಪಾಯಿ ಬೋನಸ್" ಅನ್ನುವುದನ್ನು ಒತ್ತಬೇಡಿ. ಅಡಿಕೆ ಮಾರಿದ ದುಡ್ಡು ಖಾತೆಗೆ ಬಿದ್ದ ವಾರವೇ ಇಂಥವು ಬರುತ್ತವೆ ಅಂತ ನಮ್ಮ ಕಡೆ ಒಂದು ಮಾತಿದೆ, ನಿಜವೋ ಸುಳ್ಳೋ. ದುಡ್ಡು ಹೋಗಿದ್ದರೆ ಮರ್ಯಾದೆಗೆ ಅಂಜಿ ಸುಮ್ಮನಿರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕಂಪ್ಯೂಟರ್ ನನ್ನ ಎಲೆ ನೋಡಿಕೊಂಡು ಆಡುತ್ತಾ?

ಚೆಸ್‌ನಲ್ಲಿ ನೋಡಲು ಏನೂ ಇಲ್ಲ, ಸೋಲು ನಮ್ಮದೇ. ಇಸ್ಪೀಟಿನಲ್ಲಿ ಒಳ್ಳೆಯ ಆಟಗಳು ನೋಡುವುದಿಲ್ಲ, ಬಿದ್ದ ಎಲೆಗಳನ್ನು ಮರೆಯುವುದಿಲ್ಲ ಅಷ್ಟೆ. ನಾವು ಮರೆಯುತ್ತೇವೆ.

ಮಕ್ಕಳ ಕೈಗೆ ಕೊಡಬಹುದಾ?

ಕೊಡಿ, ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ ಕೊಡಿ. ಗೊತ್ತಿಲ್ಲದವರ ಜೊತೆಗಿನ ಚಾಟ್ ಮುಚ್ಚಿಡಿ.

ಆರಿದ್ರಾ ಮಳೆ ಹಿಡಿದರೆ ನಮ್ಮಲ್ಲಿ ಎರಡು ದಿನ ಕರೆಂಟಿಲ್ಲ. ಬ್ಯಾಟರಿ ಉಳಿಸೋದು ಹೇಗೆ?

ಏರೋಪ್ಲೇನ್ ಮೋಡ್ ಹಾಕಿ ಆಡಿ. ಇದೊಂದೇ ಅರ್ಧ ಕೆಲಸ ಮಾಡುತ್ತೆ. ಸಿಗ್ನಲ್ ಕ್ಷೀಣವಾಗಿರುವ ಕಡೆ ಫೋನ್ ಟವರನ್ನು ಹುಡುಕುತ್ತಾ, ಹೆಚ್ಚು ಶಕ್ತಿ ಹಾಕಿ ಕೂಗುತ್ತಾ ಇರುತ್ತೆ, ಆಚೆ ಗುಡ್ಡದವರನ್ನು ಕರೆದ ಹಾಗೆ. ಆಡದೆ ಸುಮ್ಮನಿಟ್ಟರೂ ಚಾರ್ಜ್ ಇಳಿಯುವುದು ಅದಕ್ಕೇ. ಆಮೇಲೆ ಪರದೆಯ ಬೆಳಕು ತಗ್ಗಿಸಿ, ಆಟದ ಸೆಟ್ಟಿಂಗಿನಲ್ಲಿ ಅನಿಮೇಷನ್ ನಿಲ್ಲಿಸಿ.

ಇನ್ನೊಂದು ತಾಪತ್ರಯ ಒದ್ದೆ ಕೈ. ಪರದೆ ಬೆರಳನ್ನು ಗುರುತಿಸುವುದು ಅತಿ ಸಣ್ಣ ವಿದ್ಯುದಂಶದ ವ್ಯತ್ಯಾಸದಿಂದ. ನೀರಿನ ಹನಿಯೂ ಅದನ್ನೇ ಮಾಡುತ್ತೆ, ಫೋನಿಗೆ ಯಾವುದು ಬೆರಳು ಯಾವುದು ಹನಿ ತಿಳಿಯುವುದಿಲ್ಲ. ತೋಟದಿಂದ ಬಂದವರು ಕಂಬಳಿಕೊಪ್ಪೆ ತೆಗೆದು ನೇರ ಆಟಕ್ಕೆ ಕೂತರೆ ರಾಣಿ ತಾನಾಗಿಯೇ ಓಡಾಡುತ್ತಾಳೆ. ಅಡಿಕೆ ಸುಲಿಯುವ ಕಾಲದಲ್ಲಿ ಬೇರೆ ಥರ: ಬೆರಳ ತುದಿಗೆ ಚೊಗರು ಹತ್ತಿ, ಒಣಗಿ, ತೊಗಲಿನ ಹಾಗಾಗಿರುತ್ತೆ. ನಮ್ಮನೆಯವರು ಎಷ್ಟು ಒತ್ತಿದರೂ ದಾಳ ಉರುಳುತ್ತಿರಲಿಲ್ಲ. ಲಿಂಬೆಹಣ್ಣಿನ ಹೋಳಿನಲ್ಲಿ ತಿಕ್ಕಿ ತೊಳೆದು ಒರೆಸಿಕೊಂಡು ಬಂದರೆ ಸರಿ. ಅಷ್ಟು ಅವಸರವಿದ್ದರೆ ಕಿರುಬೆರಳಿನಲ್ಲಿ ಆಡಿ, ಅದಕ್ಕೆ ಚೊಗರು ಕಡಿಮೆ.

ಡಬ್ಬಿಯ ಆಟ ಮನೆಯಲ್ಲೇ ಇರುವಾಗ ಫೋನ್ ಯಾಕೆ?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಜುಲೈನಲ್ಲಿ ಇಸ್ಪೀಟೆಲೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ, ರಟ್ಟಿನ ಮಣೆ ದೋಣಿಯಂತೆ ಬಾಗುತ್ತೆ, ಡಬ್ಬಿಗೆ ಬೂಸ್ಟು ಹಿಡಿಯುತ್ತೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೂಸ್ಟಿನ ಬದಲು ಮಸಿ. ಹಾಗಾಗಿ ಮಳೆಗಾಲಕ್ಕೆ ಫೋನು, ದೀಪಾವಳಿ ಕಳೆದ ಮೇಲೆ ಡಬ್ಬಿ, ಇದು ನಮ್ಮನೆ ಪದ್ಧತಿ. ತುರುಪಿನ ಗುಲಾಮನನ್ನು ಕಂಬಳಿಗೆ ಫಟ್ ಅಂತ ಬಡಿಯುವುದು ಫೋನಿನಲ್ಲಿ ಆಗುವುದಿಲ್ಲ, ಒಮ್ಮೆ ಚಿಕ್ಕಪ್ಪ ಪ್ರಯತ್ನಿಸಿ ಪರದೆ ಬದಲಿಸಿದರು.

ತಪ್ಪು ನಡೆ ಇಟ್ಟರೆ ವಾಪಸ್ ತೆಗೆದುಕೊಳ್ಳಬಹುದಾ?

ಆಟದ ಮೇಲೆ ಹೋಗುತ್ತೆ. ಕಾರ್ಕಸಾನ್‌ನಲ್ಲಿ ಖಾತರಿ ಗುಂಡಿ ಒತ್ತುವವರೆಗೂ ಬಿಲ್ಲೆಯನ್ನು ತಿರುಗಿಸಿ, ಎತ್ತಿ, ಬೇರೆ ಕಡೆ ಇಡಬಹುದು. ದಾಳ ಉರುಳಿದರೆ ಉರುಳಿತು. ಲೀಚೆಸ್‌ನಲ್ಲಿ ಗೆಳೆಯರ ಜೊತೆಗಿನ ಆಟದಲ್ಲಿ ನಡೆ ಹಿಂದೆ ಕೊಡಿ ಅಂತ ಕೋರಿಕೆ ಕಳಿಸಬಹುದು, ಕೊಡುವುದು ಬಿಡುವುದು ಎದುರಿನವರ ಇಷ್ಟ. ಮಾವ ಹಿತ್ತಿಲಿನಿಂದ ಕೋರಿಕೆ ಕಳಿಸುತ್ತಾರೆ, ಅತ್ತೆ ಜಗಲಿಯಿಂದ ತಿರಸ್ಕರಿಸುತ್ತಾರೆ. ಆಮೇಲೆ ಮಾವ ಒಳಗೆ ಬಂದು ಕಾಫಿ ಕೇಳಿದರೆ, "ಅದಕ್ಕೂ ಕೋರಿಕೆ ಕಳಿಸಿ" ಅಂತಾರೆ.